ಎಲ್ಲಾ ಸೈಟ್ ಬರುತ್ತೆ, ಅದೊಂದೇ ಬರಲ್ಲ: ಮನೆ ವೈಫೈಗೆ ಏನಾಗಿದೆ?

ಯೂಟ್ಯೂಬ್ ಓಡುತ್ತೆ, ವಾಟ್ಸಾಪ್ ಓಡುತ್ತೆ. ಸ್ಕಾಲರ್‌ಶಿಪ್ ಅರ್ಜಿ ಹಾಕುವ ಪೋರ್ಟಲ್ ಮಾತ್ರ ಮನೆ ವೈಫೈನಲ್ಲಿ ತೆರೆಯಲ್ಲ. ಮೊದಲು ಮೊಬೈಲ್‌ನಲ್ಲಿ ವೈಫೈ ಆಫ್ ಮಾಡಿ, ಡೇಟಾದಲ್ಲಿ ಅದೇ ಸೈಟ್ ನೋಡಿ. ಅಲ್ಲೂ ಬರದಿದ್ದರೆ ಬಹುಶಃ ಸರ್ವರ್ ಸಮಸ್ಯೆ, ಕಾಯಬೇಕಷ್ಟೆ. ಬಂದರೆ ತೊಂದರೆ ಮನೆ ಲೈನ್‌ನದ್ದು. ಕೊನೇ ದಿನ ಹತ್ತಿರವಿದ್ದರೆ ಹಾಟ್‌ಸ್ಪಾಟ್ ಹಾಕಿ ಅರ್ಜಿ ಮುಗಿಸಿಬಿಡಿ, ರಿಪೇರಿ ಆಮೇಲೆ.

ಸೈಟಿನ ಹೆಸರಿಗೆ ಐಪಿ ನಂಬರ್ ಹುಡುಕಿಕೊಡುವುದು ಡಿಎನ್‌ಎಸ್. ಎರರ್‌ನಲ್ಲಿ ಆ ಪದ ಕಂಡರೆ ರೂಟರ್ ಸೆಟ್ಟಿಂಗ್‌ನಲ್ಲಿ ಗೂಗಲ್‌ನ 8.8.8.8 ಅಥವಾ ಕ್ಲೌಡ್‌ಫ್ಲೇರ್‌ನ 1.1.1.1 ಹಾಕಿ ನೋಡಿ.

'403' ಅಥವಾ 'ಆಕ್ಸೆಸ್ ಡಿನೈಡ್' ಅಂತ ಬಂದರೆ ಕಥೆ ಬೇರೆ. ಅನೇಕ ಕಂಪನಿಗಳು ಒಂದೇ ಪಬ್ಲಿಕ್ ಐಪಿಯನ್ನು ಹಲವು ಮನೆಗಳಿಗೆ ಹಂಚುತ್ತವೆ. ಇದಕ್ಕೆ ಸಿಜಿನ್ಯಾಟ್ ಅಂತಾರೆ. ಅದರಲ್ಲಿ ಯಾರದೋ ಕಂಪ್ಯೂಟರಿಗೆ ವೈರಸ್ ಹೊಕ್ಕು ಸೈಟಿಗೆ ಕಾಟ ಕೊಟ್ಟರೆ, ಸೈಟ್‌ನವರು ಆ ಐಪಿಯನ್ನೇ ಬ್ಲಾಕ್ ಮಾಡಬಹುದು. ತಪ್ಪು ಒಬ್ಬರದ್ದು, ಬಾಗಿಲು ಎಲ್ಲರಿಗೂ ಬಂದ್. ರೂಟರ್ ಆಫ್ ಮಾಡಿ ಆನ್ ಮಾಡಿದರೆ ಕೆಲವೊಮ್ಮೆ ಬೇರೆ ಐಪಿ ಸಿಗುತ್ತೆ.

ಸಿಗದಿದ್ದರೆ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ. ಆದರೆ 'ನೆಟ್ ಬರ್ತಿಲ್ಲ' ಅನ್ನಬೇಡಿ. ಸ್ಪೀಡ್ ಟೆಸ್ಟ್ ಮಾಡಿ 'ಎಲ್ಲಾ ಸರಿ ಇದೆ' ಅಂತ ಹೋಗಿಬಿಡ್ತಾರೆ. ಎರರ್‌ನ ಸ್ಕ್ರೀನ್‌ಶಾಟ್, ಸಮಯ, ನಿಮ್ಮ ಪಬ್ಲಿಕ್ ಐಪಿ ಕಳಿಸಿ, ಐಪಿ ಬದಲಿಸಿಕೊಡಿ ಅಂತ ಕೇಳಿ. ಸ್ಟ್ಯಾಟಿಕ್ ಐಪಿಯೂ ಒಂದು ದಾರಿ, ಆದರೆ ಅದಕ್ಕೆ ಸಾಮಾನ್ಯವಾಗಿ ಬೇರೆ ದುಡ್ಡು ಕೊಡಬೇಕು.