ದೈವಸಂಕಲ್ಪವೂ ಜೀವಸ್ವಾತಂತ್ರ್ಯವೂ

“ಹಣೆಬರಹಕ್ಕೆ ಹೊಣೆ ಯಾರು?” ಎಂಬುದು ಒಂದು ಗಾದೆ, “ಮಾಡಿದ್ದುಣ್ಣೋ ಮಹಾರಾಯ” ಎಂಬುದು ಇನ್ನೊಂದು. ರಾಯಚೂರಿನಿಂದ ಮಾನ್ವಿಗೆ ಹೋಗುವ ದಾರಿಯಲ್ಲಿ ಸಿಕ್ಕುವ ನೀರಮಾನ್ವಿಯಂತಹ ಊರುಗಳಲ್ಲಿ ಮಳೆ ಹೋದ ವರುಷ ಮೊದಲನೆಯ ಮಾತು ಕೇಳಬರುವುದು. ನೆರೆಯವನು ಸಾಲದಲ್ಲಿ ಸಿಕ್ಕಿಕೊಂಡಾಗ ಎರಡನೆಯದು ಕೇಳಬರುವುದು. ಎರಡನ್ನೂ ಆಡುವ ಬಾಯಿ ಒಂದೇ. ಒಪ್ಪಿ ತಲೆದೂಗುವ ಜನರೂ ಒಂದೇ. ಆದರೆ ಎರಡನ್ನೂ ಎದುರುಬದುರಾಗಿ ನಿಲ್ಲಿಸಿ ವಿಚಾರಮಾಡಿದರೆ, ಒಂದು ನಿಜವಾದರೆ ಮತ್ತೊಂದು ಸುಳ್ಳಾಗಬೇಕೆಂದು ತೋರುವುದು. ಸಕಲವೂ ಈಶ್ವರಸಂಕಲ್ಪದಂತೆಯೇ ನಡೆಯುವುದಾದರೆ ಮನುಷ್ಯನಿಗೆ ವಿಧಿನಿಷೇಧಗಳೇತಕ್ಕೆ? ಮನುಷ್ಯನು ಸ್ವತಂತ್ರನಾದರೆ ಈಶ್ವರನ ಸರ್ವೇಶ್ವರತ್ವಕ್ಕೆ ಅರ್ಥವೇನು?

ಈ ಪ್ರಶ್ನೆಯು ಭರತಖಂಡದ ದರ್ಶನಗಳಿಗೆ ಮಾತ್ರ ಸೇರಿದುದಲ್ಲ. ಕ್ರೈಸ್ತಮತದ ಆಚಾರ್ಯರು ಸಾವಿರದೈನೂರು ವರುಷಗಳಿಗೂ ಮಿಕ್ಕಿ ಇದನ್ನೇ ಕುರಿತು ವಾದಿಸಿರುವರು. ಆ ವಾದದ ಇತಿಹಾಸವನ್ನರಿಯಲು ರಾಯಚೂರು ಸೀಮೆಯ ವಾಚಕರಿಗೆ ವಿಶೇಷ ಕಾರಣವುಂಟು. ಮುದಗಲ್ಲಿನ ಕೆಥೊಲಿಕ ದೇವಾಲಯವು ಬಿಜಾಪುರದ ಸುಲ್ತಾನರ ಕಾಲದ್ದೆಂದು ಪ್ರಸಿದ್ಧವಾಗಿದೆ. ರಾಯಚೂರು, ಬೀದರ ಪ್ರಾಂತಗಳಲ್ಲಿ ಮೆಥೊಡಿಸ್ಟ್ ಪಂಥದ ಸಭೆಗಳು ಬಹುಕಾಲದಿಂದ ಇವೆ. ಅದೇ ಸೀಮೆಯ ಮಾನ್ವಿಯಲ್ಲಿ ಹರಿದಾಸರು ಇದೇ ಪ್ರಶ್ನೆಯನ್ನು ಕನ್ನಡದಲ್ಲಿ ಹಾಡಿದರು.

ಕ್ರೈಸ್ತರ ಮೂಲಗ್ರಂಥದಲ್ಲಿಯೇ ಎರಡು ಪಕ್ಷಗಳಿಗೂ ಆಧಾರವುಂಟು. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಕುಂಬಾರನ ಮತ್ತು ಮಣ್ಣಿನ ದೃಷ್ಟಾಂತವನ್ನು ಕೊಟ್ಟು, ಮಡಕೆಯು ಕುಂಬಾರನನ್ನು ಪ್ರಶ್ನಿಸಲಾಗದೆಂಬ ಅರ್ಥವನ್ನು ಸೂಚಿಸುವನು. ಫಿಲಿಪ್ಪಿಯದವರಿಗೆ ಬರೆದುದರಲ್ಲಿ ಮುಕ್ತಿಗಾಗಿ ಭಯಭಕ್ತಿಯಿಂದ ಶ್ರಮಿಸಬೇಕೆಂದು ವಿಧಿಸಿ, ಕೂಡಲೇ ಆ ಇಚ್ಛೆಯನ್ನೂ ಕ್ರಿಯೆಯನ್ನೂ ಒಳಗಿದ್ದು ಉಂಟುಮಾಡುವವನು ದೇವರೆನ್ನುವನು. ಭಾಷ್ಯಕಾರರ ಕಷ್ಟವೆಲ್ಲ ಇಲ್ಲಿಂದ ಹುಟ್ಟಿತು.

ವಾದಕ್ಕೆ ಸ್ಪಷ್ಟವಾದ ರೂಪವು ಬಂದುದು ಅಗಸ್ಟೀನನ ಕಾಲದಲ್ಲಿ. ಉತ್ತರ ಆಫ್ರಿಕದ ಹಿಪ್ಪೋ ಎಂಬ ಪಟ್ಟಣದ ಬಿಷಪ್ಪನಾದ ಈತನು ಕ್ರಿ. ಶ. ೩೫೪ರಲ್ಲಿ ಹುಟ್ಟಿ ೪೩೦ರಲ್ಲಿ ತೀರಿಕೊಂಡನು. ಯೌವನದಲ್ಲಿ ವಿಷಯಾಸಕ್ತನಾಗಿದ್ದು, ಬಿಡಬೇಕೆಂದು ಬಯಸಿಯೂ ಬಿಡಲಾರದೆ ತೊಳಲಿದವನು. ತನ್ನ ಬಿಡುಗಡೆಯು ತನ್ನ ಪೌರುಷದ ಫಲವಲ್ಲವೆಂಬುದು ಅವನ ಅನುಭವ. ಆದುದರಿಂದ ಅವನು ತನ್ನ ಆತ್ಮನಿವೇದನೆಯ ಗ್ರಂಥದಲ್ಲಿ, ದೇವರು ಏನನ್ನು ಆಜ್ಞಾಪಿಸುವನೋ ಅದನ್ನು ನಡೆಸುವ ಶಕ್ತಿಯನ್ನೂ ದೇವರೇ ದಯಪಾಲಿಸಬೇಕೆಂದು ಪ್ರಾರ್ಥಿಸಿದನು.

ಈ ಪ್ರಾರ್ಥನೆಯನ್ನು ರೋಮಾಪುರದಲ್ಲಿ ಕೇಳಿ ಅಸಮಾಧಾನಪಟ್ಟವನು ಬ್ರಿಟನ್ ದೇಶದಿಂದ ಬಂದ ಪೆಲಾಜಿಯಸ್ ಎಂಬ ವಿರಕ್ತನು. ಅವನು ಶುದ್ಧಚಾರಿತ್ರನು, ರೋಮಿನ ಕ್ರೈಸ್ತರ ಸಡಿಲವಾದ ನಡತೆಯನ್ನು ಕಂಡು ನೊಂದವನು. ಅಶಕ್ಯವಾದುದನ್ನು ಶಾಸ್ತ್ರವು ವಿಧಿಸದು, ವಿಧಿಸಿದೆಯಾದುದರಿಂದ ಮಾಡುವ ಶಕ್ತಿಯು ಮನುಷ್ಯನಲ್ಲಿದೆ ಎಂಬುದು ಅವನ ಯುಕ್ತಿ. ೪೧೦ರಲ್ಲಿ ಗಾಥರು ರೋಮಾಪುರವನ್ನು ಕೊಳ್ಳೆಹೊಡೆದಾಗ ಅವನೂ ಅವನ ಶಿಷ್ಯನೂ ಆಫ್ರಿಕಕ್ಕೆ ಬಂದರು. ವಾದವೂ ಅವರೊಡನೆ ದಾಟಿಬಂದಿತು. ೪೧೮ರ ಕಾರ್ಥೇಜಿನ ಸಭೆಯೂ ೪೩೧ರ ಎಫೆಸದ ಮಹಾಸಭೆಯೂ ಪೆಲಾಜಿಯನ್ ಮತವನ್ನು ನಿರಾಕರಿಸಿದುವು.

ಗೆದ್ದ ಪಕ್ಷಕ್ಕೂ ತೊಡಕು ತಪ್ಪಲಿಲ್ಲ. ಮುಕ್ತಿಗೆ ಅರ್ಹರಾದವರನ್ನು ದೇವರು ಅವರ ಯೋಗ್ಯತೆಯನ್ನು ನೋಡದೆ ಕೃಪೆಯಿಂದಲೇ ಆರಿಸಿಕೊಂಡಿರುವನೆಂದು ಅಗಸ್ಟೀನನು ಬೋಧಿಸಿದಾಗ, ಹಡ್ರುಮೇಟಮ್ ಎಂಬಲ್ಲಿಯ ಮಠದ ಸನ್ಯಾಸಿಗಳಲ್ಲಿ ಕೆಲವರು ಒಂದು ಸರಳವಾದ ಪ್ರಶ್ನೆಯನ್ನೆತ್ತಿದರು: ಒಳ್ಳೆಯ ನಡತೆಯು ದೇವರ ದಾನವಾದರೆ, ತಪ್ಪುಮಾಡಿದ ತಮ್ಮನ್ನು ಗುರುವು ಗದರಿಸುವುದೇಕೆ? ಅವರಿಗಾಗಿ ಪ್ರಾರ್ಥಿಸಿದರೆ ಸಾಲದೆ? ಶಿಷ್ಯರನ್ನು ತಿದ್ದುವ ಯಾವ ಗುರುವೂ ಈ ಪ್ರಶ್ನೆಯನ್ನು ನಕ್ಕು ಬಿಡಲಾರನು. ಅಗಸ್ಟೀನನು ಇದಕ್ಕಾಗಿಯೇ ಒಂದು ಗ್ರಂಥವನ್ನು ಬರೆದು, ಗುರುವಿನ ಗದರಿಕೆಯೇ ಕೃಪೆಯು ಕೆಲಸಮಾಡುವ ಸಾಧನವಾಗಬಲ್ಲದು, ಯಾವನು ಆರಿಸಲ್ಪಟ್ಟವನೆಂಬುದು ಗುರುವಿಗೆ ತಿಳಿಯದಾದುದರಿಂದ ಎಲ್ಲರನ್ನೂ ತಿದ್ದಬೇಕೆಂದು ಉತ್ತರಕೊಟ್ಟನು.

ಕ್ರಿ. ಶ. ೫೨೯ರಲ್ಲಿ ಗಾಲ್ ದೇಶದ ಆರೆಂಜ್ ಎಂಬಲ್ಲಿ ಕೂಡಿದ ಸಭೆಯು ಕೃಪೆಯೇ ಮೊದಲೆಂಬುದನ್ನು ಒಪ್ಪಿತು. ಆದರೆ ದೇವರು ಯಾರನ್ನಾದರೂ ಕೆಡುಕಿಗೆ ನೇಮಿಸಿರುವನೆಂಬ ಮಾತನ್ನು ಖಂಡಿಸಿತು. ಅದೇ ಶತಮಾನದ ಮೊದಲ ಭಾಗದಲ್ಲಿ ಸೆರೆಮನೆಯಲ್ಲಿ ಮರಣದಂಡನೆಯನ್ನು ಎದುರುನೋಡುತ್ತಿದ್ದ ಬೊಯೆಥಿಯಸ್ ಎಂಬ ಪಂಡಿತನು ಮತ್ತೊಂದು ಸಮಾಧಾನವನ್ನು ಕಂಡನು. ದೇವರಿಗೆ ಭೂತಭವಿಷ್ಯತ್ತುಗಳಿಲ್ಲ, ಎಲ್ಲವೂ ವರ್ತಮಾನವೇ. ನಡೆಯುವವನನ್ನು ನೋಡಿದ ಮಾತ್ರಕ್ಕೆ ನೋಡುವವನು ಅವನನ್ನು ನಡೆಸಿದಂತಾಗದು ಎಂದನು. ಇದರಿಂದ ದೇವರ ಜ್ಞಾನಕ್ಕೂ ಜೀವನ ಸ್ವಾತಂತ್ರ್ಯಕ್ಕೂ ಇದ್ದ ವಿರೋಧವು ಪರಿಹಾರವಾದೀತೇ ಹೊರತು, ದೇವರ ಸಂಕಲ್ಪದ ವಿಷಯವು ಉಳಿದೇ ಉಳಿಯಿತು.

ಒಂಬತ್ತನೆಯ ಶತಮಾನದಲ್ಲಿ ಗೊಟ್ಶಾಲ್ಕ್ ಎಂಬ ಸನ್ಯಾಸಿಯು ಸಂಕಲ್ಪವು ಎರಡು ಬಗೆಯದು, ಸಜ್ಜನರಿಗೆ ಮುಕ್ತಿಯೂ ದುರ್ಜನರಿಗೆ ದಂಡನೆಯೂ ಮೊದಲೇ ನಿಶ್ಚಿತವೆಂದು ಬಾಯಿಬಿಟ್ಟು ಹೇಳಿದನು. ೮೪೯ರ ಕಿಯೆರ್ಸಿಯ ಸಭೆಯು ಅವನನ್ನು ಛಡಿಯಿಂದ ಹೊಡೆಯಿಸಿ, ಮಠವೊಂದರಲ್ಲಿ ಸೆರೆಯಿಟ್ಟಿತು. ಸುಮಾರು ಇಪ್ಪತ್ತು ವರುಷ ಅಲ್ಲಿಯೇ ಇದ್ದು, ತನ್ನ ಮತವನ್ನು ಬಿಡದೆ ಸತ್ತನು. ಮನುಷ್ಯನು ಸ್ವತಂತ್ರನೆಂದು ವಾದಿಸಿದವರೇ ಅವನ ಇಚ್ಛೆಯನ್ನು ಛಡಿಯಿಂದ ಬಾಗಿಸಹೊರಟುದು ವಿಚಾರಾರ್ಹವಾಗಿದೆ.

ಹದಿಮೂರನೆಯ ಶತಮಾನದ ತಾಮಸ್ ಅಕ್ವೈನಸನು ದೇವರು ಪ್ರತಿಯೊಂದನ್ನೂ ಅದರದರ ಸ್ವಭಾವಾನುಸಾರವಾಗಿ ನಡೆಸುವನು, ಜಡವನ್ನು ಜಡವಾಗಿಯೂ ಇಚ್ಛೆಯುಳ್ಳದ್ದನ್ನು ಇಚ್ಛೆಯ ಮೂಲಕವಾಗಿಯೂ ಎಂದು ಸಮನ್ವಯಮಾಡಿದನು. ಆದರೆ ಮತಸುಧಾರಣೆಯ ಕಾಲದಲ್ಲಿ ಕಟ್ಟು ಮತ್ತೆ ಹರಿಯಿತು. ೧೫೨೪ರಲ್ಲಿ ಎರಾಸ್ಮಸನು ಇಚ್ಛಾಸ್ವಾತಂತ್ರ್ಯವನ್ನು ಸಮರ್ಥಿಸಿ ಬರೆದನು. ಮರುವರುಷವೇ ಲೂಥರನು ಇಚ್ಛೆಯು ಬದ್ಧವೆಂದು ಪ್ರತಿಗ್ರಂಥವನ್ನು ಬರೆದನು. ಜಿನೀವದ ಕ್ಯಾಲ್ವಿನನು ೧೫೩೬ರಲ್ಲಿ ಮೊದಲು ಅಚ್ಚಾಗಿ ೧೫೫೯ರಲ್ಲಿ ಪೂರ್ಣರೂಪ ಪಡೆದ ತನ್ನ ಮಹಾಗ್ರಂಥದಲ್ಲಿ, ಕೆಲವರಿಗೆ ನಿತ್ಯಜೀವವೂ ಕೆಲವರಿಗೆ ನಿತ್ಯನಾಶವೂ ಅನಾದಿಸಂಕಲ್ಪದಿಂದ ನಿಯತವೆಂದು ಸಾರಿದನು. ಆ ಸಂಕಲ್ಪವು ಭಯಂಕರವೆಂಬುದನ್ನು ಅವನೂ ಮರೆಮಾಚಲಿಲ್ಲ.

ಹಾಲೆಂಡಿನಲ್ಲಿ ಆರ್ಮಿನಿಯಸನ ಅನುಯಾಯಿಗಳು ೧೬೧೦ರಲ್ಲಿ ಇದಕ್ಕೆ ಆಕ್ಷೇಪಣೆಯನ್ನು ಸಲ್ಲಿಸಿ, ಕೃಪೆಯು ಎಲ್ಲರಿಗೂ ನೀಡಲ್ಪಟ್ಟಿದೆ, ಅದನ್ನು ತಳ್ಳುವ ಶಕ್ತಿಯೂ ಮನುಷ್ಯನಿಗಿದೆ ಎಂದರು. ೧೬೧೮–೧೯ರ ಡೋರ್ಟಿನ ಸಭೆಯು ಅವರನ್ನು ಬಹಿಷ್ಕರಿಸಿತು. ಧರ್ಮವಾದದೊಡನೆ ರಾಜಕೀಯ ವೈರವೂ ಬೆರೆತುದರಿಂದ, ಅವರ ಪಕ್ಷಪಾತಿಯಾಗಿದ್ದ ವೃದ್ಧಮಂತ್ರಿ ಓಲ್ಡನ್‌ಬಾರ್ನೆವೆಲ್ಟನು ೧೬೧೯ರಲ್ಲಿ ಶಿರಚ್ಛೇದಕ್ಕೆ ಗುರಿಯಾದನು; ಸೆರೆಬಿದ್ದ ಗ್ರೋಷಿಯಸ್ ಪಂಡಿತನು ೧೬೨೧ರಲ್ಲಿ ಪುಸ್ತಕದ ಪೆಟ್ಟಿಗೆಯಲ್ಲಡಗಿ ತಪ್ಪಿಸಿಕೊಂಡನು.

ಕೆಥೊಲಿಕರಲ್ಲಿಯೂ ಇದೇ ಕಾಲದಲ್ಲಿ ಜೆಸುಯಿಟರಿಗೂ ಡೊಮಿನಿಕರಿಗೂ ಕಲಹ. ಪ್ರತಿಯೊಬ್ಬ ಸ್ವತಂತ್ರಜೀವನು ಯಾವ ಸನ್ನಿವೇಶದಲ್ಲಿ ಏನು ಮಾಡುವನೆಂಬುದನ್ನು ದೇವರು ಬಲ್ಲನು, ಅದನ್ನರಿತೇ ಸಂಕಲ್ಪಿಸುವನು ಎಂಬುದು ೧೫೮೮ರಲ್ಲಿ ಪ್ರಕಟವಾದ ಮೊಲಿನಾನ ಸಿದ್ಧಾಂತ. ರೋಮಿನಲ್ಲಿ ೧೫೯೮ರಿಂದ ೧೬೦೭ರವರೆಗೆ ವಿಚಾರಣೆ ನಡೆಯಿತು. ಕೊನೆಗೆ ಐದನೆಯ ಪೌಲ್ ಎಂಬ ಪೋಪನು ಯಾರನ್ನೂ ಗೆಲ್ಲಿಸದೆ, ಒಬ್ಬರನ್ನೊಬ್ಬರು ಪಾಷಂಡಿಗಳೆನ್ನಬಾರದೆಂದು ಕಟ್ಟುಮಾಡಿ, ತೀರ್ಪನ್ನು ಮುಂದಕ್ಕೆ ಹಾಕಿದನು. ಆ ತೀರ್ಪು ಇಂದಿಗೂ ಬಂದಿಲ್ಲ. ಡೋರ್ಟಿನ ತೀರ್ಪಿಗಿಂತ ಈ ತೀರ್ಪಿಲ್ಲದಿರುವಿಕೆಯೇ ಹೆಚ್ಚು ವಿವೇಕವಾಗಿ ಕಾಣುವುದು.

ಇಂಗ್ಲೆಂಡಿನಲ್ಲಿ ಮೆಥೊಡಿಸ್ಟರ ಮೂಲಪುರುಷನಾದ ಜಾನ್ ವೆಸ್ಲಿಯು ೧೭೩೯ರಲ್ಲಿ ಕ್ಯಾಲ್ವಿನನ ಮತವನ್ನು ಖಂಡಿಸಿ ಉಪನ್ಯಾಸಮಾಡಿ, ಆಪ್ತಮಿತ್ರನಾದ ವಿಟ್‌ಫೀಲ್ಡನಿಂದ ಬೇರೆಯಾದನು. ಎಲ್ಲರ ಹೃದಯದಲ್ಲಿಯೂ ಕೃಪೆಯು ಮುಂಚಿತವಾಗಿ ಬಂದು ಇಚ್ಛೆಯನ್ನು ಎಬ್ಬಿಸುವುದೆಂಬುದು ಅವನ ಮತ. ಆದರೂ ಸ್ನೇಹವು ಪುನಃ ಕುದುರಿತು. ೧೭೭೦ರಲ್ಲಿ ವಿಟ್‌ಫೀಲ್ಡನು ಸತ್ತಾಗ ಸ್ಮಾರಕೋಪನ್ಯಾಸವನ್ನು ಮಾಡಿದವನು ವೆಸ್ಲಿಯೇ.

ಸಂಕಲ್ಪವಾದಿಗಳು ಕೈಕಟ್ಟಿ ಕುಳಿತರೆಂದು ತಿಳಿಯಲಾಗದು. ದೇವರು ಸಂಕಲ್ಪಿಸಿದ್ದರೆ ಮನುಷ್ಯನ ಪ್ರಯತ್ನ ಬೇಡವೆನ್ನುತ್ತಿದ್ದವರನ್ನು ಎದುರಿಸಿ, ಸಾಧನಗಳನ್ನು ಉಪಯೋಗಿಸುವುದು ಕರ್ತವ್ಯವೆಂದು ೧೭೯೨ರಲ್ಲಿ ಬರೆದ ವಿಲಿಯಂ ಕೇರಿಯು ಕ್ಯಾಲ್ವಿನನ ಪರಂಪರೆಯ ಬ್ಯಾಪ್ಟಿಸ್ಟನೇ. ಮರುವರುಷ ಅವನು ಬಂಗಾಳಕ್ಕೆ ಬಂದನು. ೧೮೧೦ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸನು ಲಂಡನ್ ಮಿಷನರಿ ಸಂಘದವನು; ಆ ಸಂಘದವರಲ್ಲಿ ಬಹುಮಂದಿ ಅದೇ ಪರಂಪರೆಯವರು. ಅವನೂ ಸಹೋದ್ಯೋಗಿಗಳೂ ದುಡಿದು ಕನ್ನಡ ಬೈಬಲನ್ನು ೧೮೩೧ರ ವೇಳೆಗೆ ಪೂರ್ತಿಮಾಡಿದರು. ಮೈಸೂರು ಸೀಮೆಯಲ್ಲಿ ನೆಲೆಸಿದವರಾದರೋ ವೆಸ್ಲಿಯ ಅನುಯಾಯಿಗಳು. ಹೀಗೆ ಡೋರ್ಟಿನ ಎರಡು ಪಕ್ಷಗಳೂ ಕನ್ನಡ ನಾಡಿಗೆ ಬಂದುವು.

ಇಲ್ಲಿ ಬಂದವರಿಗೆ ಶಬ್ದಗಳೇ ಒಂದು ಪರೀಕ್ಷೆಯಾದುವು. ‘ವಿಧಿ’ ಎಂದರೆ ಬ್ರಹ್ಮಲಿಪಿಯ ನೆನಪು. ‘ಕರ್ಮ’ ಎಂದರೆ ಕ್ರೈಸ್ತರು ಒಪ್ಪದ ಪೂರ್ವಜನ್ಮದ ಪ್ರಸಂಗ. ಈಚಿನ ಕನ್ನಡ ಬೈಬಲ್ಲಿನಲ್ಲಿ ದೇವಸಂಕಲ್ಪಕ್ಕೆ ‘ನೇಮಿಸು’ ಎಂಬ ಮಾತು ನಿಂತಿದೆ. ಅದೇ ಪ್ರಸಂಗದಲ್ಲಿ ‘ಸಾರೂಪ್ಯ’ವೆಂಬ ವೈಷ್ಣವರಿಗೆ ಚಿರಪರಿಚಿತವಾದ ಶಬ್ದವೂ ಬಂದಿದೆ. ೧೯೦೮ರಲ್ಲಿ ದಕ್ಷಿಣದ ಕಾಂಗ್ರಿಗೇಷನಲ್ ಮತ್ತು ಪ್ರೆಸ್ಬಿಟೇರಿಯನ್ ಸಭೆಗಳು ಒಂದಾದುವು. ೧೯೪೭ನೆಯ ಸೆಪ್ಟೆಂಬರ್ ೨೭ರಂದು ಇವೂ, ವೆಸ್ಲಿಯ ಪರಂಪರೆಯ ಮೆಥೊಡಿಸ್ಟರೂ, ಆಂಗ್ಲಿಕನರೂ ಕೂಡಿ ದಕ್ಷಿಣ ಇಂಡಿಯಾ ಸಭೆಯನ್ನು ಸ್ಥಾಪಿಸಿದರು. ರಾಯಚೂರು ಪ್ರಾಂತದ ಮೆಥೊಡಿಸ್ಟರು ಅಮೆರಿಕದ ಶಾಖೆಯವರಾದುದರಿಂದ ಅದರಲ್ಲಿ ಸೇರಲಿಲ್ಲ. ಡೋರ್ಟಿನ ಸಭೆಯ ಕಾಲದಲ್ಲಿ ತಲೆಹೋಗಲು ಕಾರಣವಾದ ಪ್ರಶ್ನೆಯು ಮದರಾಸಿನಲ್ಲಿ ಇತ್ಯರ್ಥವಾಗದೆಯೇ ಸಹಪಂಕ್ತಿಗೆ ಅಡ್ಡಬರಲಿಲ್ಲ.

ಇನ್ನು ಮಾನ್ವಿಯ ಕಡೆಗೆ ತಿರುಗಿದರೆ, ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಇದೇ ಕ್ರಮವು ಕಾಣುವುದು: ಜೀವನು ಕರ್ತೃವಲ್ಲದಿದ್ದರೆ ಶಾಸ್ತ್ರವು ವ್ಯರ್ಥವಾದೀತು, ಆ ಕರ್ತೃತ್ವವಾದರೂ ಪರಮಾತ್ಮನಿಂದಲೇ ಬಂದುದು, ಅವನು ಜೀವನ ಪ್ರಯತ್ನವನ್ನು ಅಪೇಕ್ಷಿಸಿಯೇ ಮಾಡಿಸುವನು. ಮಧ್ವಾಚಾರ್ಯರ ಅನುಯಾಯಿಗಳು ಇದನ್ನು ದತ್ತಸ್ವಾತಂತ್ರ್ಯವೆನ್ನುವರು. ಮಾನ್ವಿಯ ಜಗನ್ನಾಥದಾಸರ (೧೭೨೮–೧೮೦೯) ಹರಿಕಥಾಮೃತಸಾರದಲ್ಲಿ ಈ ಹೆಸರಿನ ಸಂಧಿಯೇ ಉಂಟು. ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರೆಂಬ ವಿಭಾಗವು ಕ್ಯಾಲ್ವಿನನನ್ನು ನೆನಪಿಗೆ ತರುವುದಾದರೂ ಭೇದವು ದೊಡ್ಡದು. ಕ್ರೈಸ್ತರಲ್ಲಿ ಜೀವನು ದೇವರಿಂದ ಶೂನ್ಯದಿಂದ ಸೃಷ್ಟನಾದವನು. ಆದುದರಿಂದ ಅವನ ನಾಶದ ಹೊಣೆಯು ಸೃಷ್ಟಿಕರ್ತನ ಮೇಲೆ ಬರುವ ಭಯವಿದೆ. ಮಧ್ವಮತದಲ್ಲಿ ಜೀವನೂ ಅವನ ಸ್ವಭಾವವೂ ಅನಾದಿ. ಈಶ್ವರನು ಅದನ್ನು ಹೊರಗೆಡಹುವನೇ ಹೊರತು ಉಂಟುಮಾಡನು. ಒಂದರಲ್ಲಿ ದೇವರ ದಯೆಯ ಪ್ರಶ್ನೆ ಕಠಿನವಾದರೆ, ಇನ್ನೊಂದರಲ್ಲಿ ಸ್ವಭಾವದ ಪ್ರಶ್ನೆ ಕಠಿನವಾಗುವುದು.

ಈ ಇತಿಹಾಸದಲ್ಲಿ ಒಂದು ಸಂಗತಿಯು ಮರಳಿಮರಳಿ ಕಾಣಬರುವುದು. ಅಗಸ್ಟೀನನು ಕೃಪೆಯ ಮಾತನ್ನು ಮೊದಲು ಆಡಿದುದು ತನ್ನನ್ನು ಕುರಿತು; ಅಲ್ಲಿ ಅದು ಕೃತಜ್ಞತೆ. ಪೆಲಾಜಿಯಸನು ಹೊಣೆಯನ್ನು ತನ್ನ ಮೇಲೆ ಹೊತ್ತುಕೊಂಡನು, ಅದು ತಪಸ್ಸು. ಆ ಮಾತುಗಳೇ ಅನ್ಯರ ಮೇಲೆ ತೀರ್ಪಾಗಿ ತಿರುಗಿದಾಗ ಛಡಿಯೂ ಕೊಡಲಿಯೂ ಬಂದುವು.

ದಾಸಪರಂಪರೆಯ ಐತಿಹ್ಯವೊಂದು ಇಲ್ಲಿ ಸ್ಮರಣೀಯ. ಜಗನ್ನಾಥದಾಸರು ದೀಕ್ಷೆಗೆ ಮುನ್ನ ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತಪಂಡಿತರು. ಕನ್ನಡದಲ್ಲಿ ಹಾಡುವ ಚೀಕಲಪರ್ವಿಯ ವಿಜಯದಾಸರ ಭೋಜನದ ಆಹ್ವಾನವನ್ನು ಹೊಟ್ಟೆನೋವಿನ ನೆವದಿಂದ ತಿರಸ್ಕರಿಸಿದರು. ನೆವವೇ ನಿಜವಾಗಿ, ರೋಗವು ಪ್ರಾಣಕ್ಕೆ ಬಂದಿತು. ಶರಣುಬಂದ ಅವರನ್ನು ವಿಜಯದಾಸರು ಮೊಸರಕಲ್ಲಿನ ಗೋಪಾಲದಾಸರಲ್ಲಿಗೆ ಕಳುಹಿದರು. ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ ನಲವತ್ತು ವರುಷಗಳನ್ನು ಅವರಿಗೆ ಧಾರೆಯೆರೆದರೆಂದು ಹೇಳುವರು. ಆಯುಸ್ಸು ನಿಯತವೆಂದು ನಂಬುವ ಸಂಪ್ರದಾಯದಲ್ಲಿಯೇ ಈ ಕಥೆಯು ಉಳಿದು ಬಂದಿದೆ. ಆ ರೋಗಿಯನ್ನು ಕಂಡು ಹಣೆಬರಹವೆನ್ನಲು ಗೋಪಾಲದಾಸರಿಗೆ ಶಾಸ್ತ್ರವಿತ್ತು. ಮಾಡಿದ್ದುಣ್ಣಲಿ ಎನ್ನಲು ಕಾರಣವೂ ಇತ್ತು. ಅವರು ಎರಡನ್ನೂ ಅನ್ನಲಿಲ್ಲ.