ಕಣ್ಣಿನ ಪೊರೆ: ಶಸ್ತ್ರಕ್ಕೆ ಮುನ್ನ ಪರೀಕ್ಷೆ

ವಯಸ್ಸಾದವರ ದೃಷ್ಟಿ ಮಂಜಾದಾಗ 'ಕಣ್ಣಿಗೆ ಪೊರೆ ಬಂದಿದೆ' ಎನ್ನುವುದು ನಮ್ಮಲ್ಲಿ ವಾಡಿಕೆ. ಹಾವಿನ ಪೊರೆ ಎಂಬಲ್ಲಿರುವ ಪದವೇ ಇದು. ಕಣ್ಣಿನ ಮೇಲೆ ತೆಳ್ಳನೆಯ ತೊಗಲೊಂದು ಬೆಳೆದು ನೋಟವನ್ನು ಮರೆಮಾಡುತ್ತದೆ ಎಂಬ ಭಾವನೆ ಈ ಮಾತಿನ ಹಿಂದಿದೆ. ಅರಬ್ಬೀ ವೈದ್ಯರು ಇದನ್ನು ಕಣ್ಣಿಗೆ ನೀರಿಳಿಯುವ ರೋಗವೆಂದರು. ಆ ಕಲ್ಪನೆಯೇ ಲ್ಯಾಟಿನ್ ಭಾಷೆಗೆ ಹೋಗಿ, ಜಲಪಾತವೆಂಬ ಅರ್ಥವುಳ್ಳ 'ಕ್ಯಾಟರ್‍ಯಾಕ್ಟ್' ಎಂಬ ಹೆಸರು ಹುಟ್ಟಿತು. ಎರಡು ಹೆಸರೂ ನಿಜಸ್ಥಿತಿಯನ್ನು ಹೇಳುವುದಿಲ್ಲ. ಪಾಪೆಯ ಹಿಂದಿರುವ ಮಸೂರವು ತನ್ನ ತಿಳಿತನವನ್ನು ಕಳೆದುಕೊಳ್ಳುವುದೇ ಈ ರೋಗ. ಫ್ರಾನ್ಸಿನ ಬ್ರಿಸೋ ಎಂಬ ವೈದ್ಯನು ೧೭೦೫ರಲ್ಲಿ ಮೃತನೊಬ್ಬನ ಕಣ್ಣನ್ನು ಬಿಡಿಸಿ ನೋಡಿ ಇದನ್ನು ಸ್ಥಿರಪಡಿಸಿದನು.

ಈ ರೋಗದ ಶಸ್ತ್ರಚಿಕಿತ್ಸೆಯ ಅತಿ ಪ್ರಾಚೀನ ವಿವರಣೆಗಳಲ್ಲೊಂದು ನಮ್ಮ ಸುಶ್ರುತಸಂಹಿತೆಯಲ್ಲಿದೆ. ಉತ್ತರತಂತ್ರದ ೧೭ನೆಯ ಅಧ್ಯಾಯದಲ್ಲಿ ಇದಕ್ಕೆ ಲಿಂಗನಾಶವೆಂಬ ಹೆಸರು. ಎಂಟು ಅಂಗುಲ ಉದ್ದದ, ನಡುವೆ ದಾರ ಸುತ್ತಿದ, ತುದಿಗಳು ಮೊಗ್ಗಿನಂತಿರುವ ಶಲಾಕೆ, ಎಂದರೆ ಲೋಹದ ಕಡ್ಡಿ, ಅದರ ಸಾಧನ. ಎಡಗಣ್ಣಿಗೆ ಬಲಗೈಯಿಂದಲೂ ಬಲಗಣ್ಣಿಗೆ ಎಡಗೈಯಿಂದಲೂ ವೈದ್ಯನು ಇದನ್ನು ಪ್ರಯೋಗಿಸಬೇಕು. ರೋಗಿ ತನ್ನ ಮೂಗಿನ ತುದಿಯನ್ನೇ ನೋಡುತ್ತಿರಬೇಕು. ಮಸುಕಾದ ಭಾಗವನ್ನು ದೃಷ್ಟಿಯ ದಾರಿಯಿಂದ ಸರಿಸುವುದೇ ಈ ಕ್ರಿಯೆಯೆಂದು ವಿದ್ವಾಂಸರು ಅರ್ಥಮಾಡುತ್ತಾರೆ.

ಸುಶ್ರುತನ ಈ ಕೈಚಳಕವನ್ನು ಎಲ್ಲರೂ ಕೊಂಡಾಡುತ್ತಾರೆ. ಆದರೆ ಕಡ್ಡಿಯನ್ನು ಮುಟ್ಟುವ ಮೊದಲು ಅವನು ಹೇಳಿರುವ ಮಾತು ಅದಕ್ಕಿಂತ ದೊಡ್ಡದು. ಕಫದಿಂದಾದ ಲಿಂಗನಾಶಕ್ಕೆ ಮಾತ್ರ ಈ ಶಸ್ತ್ರ. ಅದರಲ್ಲಿಯೂ ಮಸುಕು ಅರ್ಧಚಂದ್ರದಂತೆ, ಬೆವರಹನಿಯಂತೆ, ಮುತ್ತಿನಂತೆ ಕಂಡರೆ, ಗೆರೆಗೆರೆಯಾಗಿದ್ದರೆ, ನಡುವೆ ತೆಳುವಾಗಿದ್ದರೆ, ನೋವಿದ್ದರೆ, ಕೆಂಪಿದ್ದರೆ ಶಸ್ತ್ರ ಕೂಡದು. ಹೆಚ್ಚು ಸೆಕೆಯೂ ಹೆಚ್ಚು ಚಳಿಯೂ ಇಲ್ಲದ ಕಾಲವಾಗಬೇಕು. ರೋಗಿಗೆ ಮೊದಲೇ ಸ್ನೇಹ, ಸ್ವೇದಗಳ ಉಪಚಾರವಾಗಿರಬೇಕು. ಕ್ರಿಯೆ ಮುಗಿದ ಮೇಲೆ ಅವನು ತೇಗಬಾರದು, ಕೆಮ್ಮಬಾರದು, ಸೀನಬಾರದು. ಯಾವ ಕಣ್ಣಿಗೆ ಶಸ್ತ್ರ ಸಲ್ಲುತ್ತದೆ, ಯಾವುದಕ್ಕೆ ಸಲ್ಲದು ಎಂಬ ವಿವೇಕವೇ ಇಲ್ಲಿ ಮೊದಲನೆಯ ಚಿಕಿತ್ಸೆ.

ಕಾಲಕ್ರಮದಲ್ಲಿ ಶಲಾಕೆ ಉಳಿಯಿತು, ವಿವೇಕ ಸೊರಗಿತು. ಊರೂರು ಅಲೆಯುತ್ತ ಕಣ್ಣು ಚುಚ್ಚುವವರು ಇಪ್ಪತ್ತನೆಯ ಶತಮಾನದವರೆಗೂ ದೇಶದಲ್ಲಿದ್ದರು. ಮದರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯ ಮುಖ್ಯಸ್ಥರಾಗಿದ್ದ ಎಲಿಯಟ್ ಅವರು ಇಂಥವರ ಕೈಯಲ್ಲಿ ಕೆಟ್ಟ ಕಣ್ಣುಗಳನ್ನು ಪರೀಕ್ಷಿಸಿ ೧೯೧೮ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಬೆಳಕು ಒಂದು ಗಳಿಗೆ ಮೂಡುತ್ತಿತ್ತು. ಚುಚ್ಚಿದವನು ಹಣ ಪಡೆದು ಮುಂದಿನ ಊರಿಗೆ ಹೋದ ಮೇಲೆ ಎಷ್ಟೋ ಕಣ್ಣುಗಳು ಕೀವುಗಟ್ಟಿ ಆರಿಹೋಗುತ್ತಿದ್ದವು.

ಮಸೂರವನ್ನು ಸರಿಸುವ ಬದಲು ಹೊರತೆಗೆಯುವ ಮಾರ್ಗವನ್ನು ಫ್ರಾನ್ಸಿನ ದಾವಿಯೆಲ್ ೧೭೪೭ರಲ್ಲಿ ತೋರಿಸಿದನು. 'ಪೊರೆ ಮಾಗಲಿ, ಆಮೇಲೆ ನೋಡೋಣ' ಎಂಬ ಮಾತಿನ ಬೇರು ಈ ಮಾರ್ಗದಲ್ಲಿದೆ. ಮಾಗದ ಮಸೂರವನ್ನು ತೆಗೆಯುವಾಗ ಅದರ ಚೂರುಗಳು ಒಳಗುಳಿದು ಕಣ್ಣು ಉರಿಯೂತಕ್ಕೆ ಗುರಿಯಾಗುತ್ತಿತ್ತು. ಮಸೂರವಿಲ್ಲದ ಕಣ್ಣಿಗೆ ದಪ್ಪ ಕನ್ನಡಕ ಅನಿವಾರ್ಯವಾಗಿತ್ತು. ಆದುದರಿಂದ ನೋಟ ಬಹುಮಟ್ಟಿಗೆ ಹೋಗುವವರೆಗೂ ಕಾಯಿಸುತ್ತಿದ್ದರು. ಬೆಂಗಳೂರಿನಲ್ಲಿ ೧೮೯೬ರಲ್ಲಿ ಆರಂಭವಾಗಿ ೧೯೧೩ರಲ್ಲಿ ಈಗಿನ ಕಟ್ಟಡಕ್ಕೆ ಬಂದ ಮಿಂಟೋ ಕಣ್ಣಾಸ್ಪತ್ರೆಯೂ, ಬೀಳಗಿಯಲ್ಲಿ ಹುಟ್ಟಿ ನಾಡಿನ ಮೂಲೆಮೂಲೆಗಳಲ್ಲಿ ಉಚಿತ ಶಿಬಿರ ನಡೆಸಿದ ಡಾ. ಎಂ. ಸಿ. ಮೋದಿಯವರೂ (೧೯೧೬–೨೦೦೫) ಹೀಗೆ ಕಾದು ಕುಳಿತಿದ್ದ ಎಷ್ಟೋ ಹಿರಿಯರಿಗೆ ಬೆಳಕು ಕೊಟ್ಟರು.

ಕಾಯುವ ಕಾಲವನ್ನು ಕೊನೆಗಾಣಿಸಲು ದಾರಿ ತೆರೆದದ್ದು ೧೯೪೯ರ ನವೆಂಬರ್ ೨೯. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹೆರಾಲ್ಡ್ ರಿಡ್ಲಿ ಅಂದು ಮೊದಲ ಬಾರಿಗೆ ಕೃತಕ ಮಸೂರವನ್ನು ಕಣ್ಣಿನೊಳಗಿಟ್ಟನು. ಯುದ್ಧವಿಮಾನದ ಗಾಜಿನಂಥ ಮುಚ್ಚಳದ ಚೂರುಗಳು ವೈಮಾನಿಕರ ಕಣ್ಣಿನೊಳಗೆ ತೊಂದರೆಯಿಲ್ಲದೆ ಉಳಿದುದನ್ನು ಕಂಡು ಅವನು ಅದೇ ಜಾತಿಯ ವಸ್ತುವನ್ನು ಆರಿಸಿದ್ದನು. ಮಸೂರವೇನೋ ನಿಂತಿತು, ಅಳತೆ ತಪ್ಪಿತ್ತು. ಆ ರೋಗಿಗೆ ದೂರದ್ದು ಕಾಣದ ದೋಷ ವಿಪರೀತವಾಗಿ ಉಳಿಯಿತು. ಅಳೆಯದೆ ಇಟ್ಟ ಮಸೂರ ಸಾಲದೆಂಬ ಪಾಠ ಅಂದೇ ದೊರೆಯಿತು. ೧೯೬೭ರಲ್ಲಿ ಅಮೆರಿಕದ ಕೆಲ್ಮನ್, ಮಸೂರವನ್ನು ಶಬ್ದಾತೀತ ಕಂಪನದಿಂದ ಪುಡಿಮಾಡಿ ಸಣ್ಣ ಗಾಯದ ಮೂಲಕ ಹೀರಿ ತೆಗೆಯುವ ಕ್ರಮವನ್ನು ಬಳಕೆಗೆ ತಂದನು. ಇಂದು ಪೊರೆ ಮಾಗಬೇಕಿಲ್ಲ. ಅತಿಯಾಗಿ ಮಾಗಿ ಗಟ್ಟಿಯಾದರೆ ಶಸ್ತ್ರವೇ ಕಷ್ಟ. ಕೆಲವೊಮ್ಮೆ ಕಣ್ಣಿನ ಒತ್ತಡವೇರಿ ಅಪಾಯವೂ ಉಂಟು.

ಹೀಗಾಗಿ ಇಂದಿನ ಪರೀಕ್ಷೆಯಲ್ಲಿ ಶತಮಾನಗಳ ಅನುಭವ ಸೇರಿದೆ. ಅಕ್ಷರಗಳ ಪಟ ಸ್ನೆಲ್ಲನ್ನನದು (೧೮೬೨). ಕಣ್ಣಿನ ತಳವನ್ನು ಕಾಣುವ ಉಪಕರಣ ಹೆಲ್ಮ್‌ಹೋಲ್ಟ್ಸನದು (೧೮೫೧). ಬೆಳಕಿನ ಸೀಳಿನಿಂದ ಮಸೂರವನ್ನು ನೋಡುವ ದೀಪ ಗುಲ್‌ಸ್ಟ್ರಾಂಡನದು (೧೯೧೧). ಕಣ್ಣುಗುಡ್ಡೆಯ ಉದ್ದ ಸುಮಾರು ೨೪ ಮಿಲಿಮೀಟರ್. ಅದನ್ನು ಅಳೆಯುವಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ ಕನ್ನಡಕದ ಪವರಿನಲ್ಲಿ ಎರಡೂವರೆಗಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ಒಳಗಿನ ಅಕ್ಷಿಪಟಲ ಕೆಟ್ಟಿದ್ದರೆ ಪೊರೆ ತೆಗೆದರೂ ನಿರೀಕ್ಷಿಸಿದಷ್ಟು ಕಾಣದು. ಸುಶ್ರುತನ 'ಕೂಡದು' ಎಂಬ ಪಟ್ಟಿಯ ಆಶಯವೂ ಇಂಥದೇ.

ಈ ಪರೀಕ್ಷೆಗೆ ಹೋಗುವವರು ಬರಿಗೈಯಲ್ಲಿ ಹೋಗಬಾರದು. ಹಳೆಯ ಕನ್ನಡಕ, ಚೀಟಿಗಳು, ನಿತ್ಯ ಸೇವಿಸುವ ಎಲ್ಲ ಔಷಧಿಗಳ ಪಟ್ಟಿ ಜೊತೆಗಿರಲಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹಿಂದೆ ಕಣ್ಣಿಗೆ ಬಿದ್ದ ಪೆಟ್ಟು ಇವನ್ನು ಮರೆಯದೆ ತಿಳಿಸಬೇಕು. ಮೂತ್ರ ಸರಾಗವಾಗಲೆಂದು ಗಂಡಸರು ಸೇವಿಸುವ ಟಾಮ್ಸುಲೋಸಿನ್ ಎಂಬ ಗುಳಿಗೆ ಶಸ್ತ್ರದ ವೇಳೆ ಪಾಪೆಯನ್ನು ಕುಗ್ಗಿಸಬಲ್ಲುದೆಂದು ೨೦೦೫ರಲ್ಲಿ ಗೊತ್ತಾಯಿತು, ಅದನ್ನೂ ಹೇಳಬೇಕು. ಆದರೆ ಯಾವ ಔಷಧಿಯನ್ನೂ ತಾವಾಗಿಯೇ ನಿಲ್ಲಿಸಕೂಡದು. ಕಣ್ಣಿಗಂಟಿಸುವ ಮಸೂರ ಧರಿಸುವವರು ಅದನ್ನು ಎಷ್ಟು ದಿನ ಮೊದಲು ಬಿಡಬೇಕೆಂದು ಕೇಳಿ ತಿಳಿಯಬೇಕು. ಪಾಪೆ ಅರಳಿಸುವ ಹನಿ ಹಾಕಿದ ಮೇಲೆ ಕೆಲವು ಗಂಟೆ ನೋಟ ಮಸುಕಾಗಿ ಬಿಸಿಲು ಕಣ್ಣು ಕುಕ್ಕುವುದರಿಂದ ವಾಹನ ನಡೆಸಬಾರದು, ಜೊತೆಗೊಬ್ಬರಿದ್ದರೆ ಲೇಸು. ಓದು, ಹೊಲಿಗೆ, ರಾತ್ರಿ ಪ್ರಯಾಣ ಇವುಗಳಲ್ಲಿ ತಮಗೆ ಯಾವುದು ಮುಖ್ಯವೆಂಬುದನ್ನೂ ಹೇಳಬೇಕು. ಮಸೂರದ ಆಯ್ಕೆ ಅದನ್ನೂ ಅವಲಂಬಿಸಿದೆ.

ಮನೆಯ ಜಗುಲಿಯಲ್ಲಿ ಕುಳಿತು 'ಇನ್ನೂ ಮಾಗಿಲ್ಲ' ಎಂದು ವರ್ಷ ಕಳೆಯುವ ಹಿರಿಯರು ಇಂದಿಗೂ ಉಂಟು. ಮಾಗುವ ಮಾತು ಹಲಸಿಗೂ ಮಾವಿಗೂ ಇರಲಿ. ಕಣ್ಣಿನ ವಿಷಯದಲ್ಲಿ ತಡಮಾಡದೆ ಹೋಗಿ ತೋರಿಸಿಕೊಳ್ಳುವುದೇ ಜಾಣತನ.