ಚೆನ್ನಾಗಿ ಬಾರದವರ ರಂಗಭೂಮಿ

ತಿರುಮಕೂಡಲು ನರಸೀಪುರದ ಕಡೆ ಭತ್ತದ ಒಕ್ಕಣೆ ಮುಗಿದು ಗದ್ದೆಗಳು ಬರಿದಾದ ಮೇಲೆ ಬಸ್ ನಿಲ್ದಾಣಗಳಲ್ಲಿ, ಟೀ ಅಂಗಡಿಗಳ ಗೋಡೆಗಳಲ್ಲಿ ಒಂದು ಬಗೆಯ ಭಿತ್ತಿಪತ್ರ ಕಾಣಿಸಿಕೊಳ್ಳುತ್ತದೆ. ಮೇಲೆ ಊರ ದೇವರ ಚಿತ್ರ, ಕೆಳಗೆ ದಪ್ಪಕ್ಷರಗಳಲ್ಲಿ 'ಕುರುಕ್ಷೇತ್ರ ಎಂಬ ಪೌರಾಣಿಕ ನಾಟಕ', ಅದರ ಕೆಳಗೆ ಸಾಲುಸಾಲಾಗಿ ಸಣ್ಣ ಅಳತೆಯ ಫೋಟೋಗಳು. ಫೋಟೋದಲ್ಲಿರುವವರು ಬೇಸಾಯಗಾರರು, ಗಾರೆ ಕೆಲಸದವರು, ನಂಜನಗೂಡಿನ ಕಾರ್ಖಾನೆಗೆ ಹೋಗಿ ಬರುವ ಹುಡುಗರು, ಒಬ್ಬಿಬ್ಬರು ಮೇಷ್ಟ್ರು. ಹೆಸರುಗಳ ಮುಂದೆ ಪಾತ್ರ ಬರೆದಿರುತ್ತದೆ: ಒಂದನೇ ಕೃಷ್ಣ, ಎರಡನೇ ಕೃಷ್ಣ, ಒಂದನೇ ದುರ್ಯೋಧನ, ಎರಡನೇ ದುರ್ಯೋಧನ.

ಹೊರಗಿನವರಿಗೆ ಇದು ನಗು ತರಿಸಬಹುದು. ಒಬ್ಬ ಕೃಷ್ಣ ಸಾಲದೆ? ಕೇಳಿದರೆ ಊರಿನವರು ಸರಳವಾಗಿ ಹೇಳುತ್ತಾರೆ: ಆಸೆಪಟ್ಟವರು ಇಬ್ಬರಿದ್ದರು, ಇಬ್ಬರಿಗೂ ಕೊಟ್ಟೆವು. ರಾತ್ರಿ ಒಂದು ಗಂಟೆಯವರೆಗೆ ಒಬ್ಬನು ಕೃಷ್ಣ, ಆಮೇಲೆ ಇನ್ನೊಬ್ಬ. ಮೈಬಣ್ಣ, ದನಿ, ಎತ್ತರ ಎಲ್ಲವೂ ಬದಲಾದರೂ ಪ್ರೇಕ್ಷಕರಿಗೆ ಏನೂ ತೊಂದರೆಯಾಗುವುದಿಲ್ಲ.

ಈ ನಾಟಕಗಳ ಲೆಕ್ಕಾಚಾರವನ್ನೂ ಓದುಗರು ಗಮನಿಸಬೇಕು. ಇಲ್ಲಿ ನಟನಿಗೆ ಯಾರೂ ಸಂಭಾವನೆ ಕೊಡುವುದಿಲ್ಲ, ನಟನೇ ದುಡ್ಡು ಕೊಡುತ್ತಾನೆ. ದುರ್ಯೋಧನ, ಕೃಷ್ಣ, ಕರ್ಣ, ಭೀಮ ಮೊದಲಾದ ದೊಡ್ಡ ಪಾತ್ರಗಳಿಗೆ ಹೆಚ್ಚು, ವಿದುರ ಸಂಜಯರಂಥವರಿಗೆ ಕಡಿಮೆ. ಹೀಗೆ ಕೂಡಿದ ಹಣದಲ್ಲಿ ಹಾರ್ಮೋನಿಯಂ ಮೇಷ್ಟ್ರ ಸಂಬಳ, ಸೀನರಿಯ ಬಾಡಿಗೆ, ದೀಪ, ಮೈಕು, ಬಣ್ಣ ಎಲ್ಲವೂ ನಡೆಯಬೇಕು. ತಿಂಗಳುಗಟ್ಟಲೆ ಹಗಲು ದುಡಿದು, ರಾತ್ರಿ ಉಂಡು, ದೇವಸ್ಥಾನದ ಜಗಲಿಯಲ್ಲೋ ಶಾಲೆಯ ಕೊಠಡಿಯಲ್ಲೋ ಕಲಿಯುತ್ತಾರೆ. ಓದು ಬರಹ ಬಾರದವರಿಗೆ ಪದ್ಯಗಳನ್ನು ಇನ್ನೊಬ್ಬರು ಓದಿ ಹೇಳುತ್ತಾರೆ. ಮನೆಗಳಲ್ಲಿ ಈ ಖರ್ಚಿಗಾಗಿ ಜಗಳವೂ ನಡೆಯುತ್ತದೆ. ಇಷ್ಟೆಲ್ಲ ಒಂದು ರಾತ್ರಿಗಾಗಿ.

ಆ ಒಂದು ರಾತ್ರಿ ನಾವು ಕಂಡ ಒಬ್ಬ ದುರ್ಯೋಧನನಿಗೆ ಪದ್ಯದ ನಡುವೆ ಮಾತು ಮರೆತುಹೋಯಿತು. ಗದೆ ಎತ್ತಿದವನು ಎತ್ತಿದಂತೆಯೇ ನಿಂತ. ಮೇಷ್ಟ್ರು ಹಾರ್ಮೋನಿಯಂ ಮೇಲೆ ಅದೇ ಸ್ವರವನ್ನು ಎಳೆಯುತ್ತಾ ಕಾದರು. ಮುಂದಿನ ಸಾಲಿನಿಂದ ಒಬ್ಬ ಅಜ್ಜ, "ಪರ್ವಾಗಿಲ್ಲ ಕನಪ್ಪ, ಮೊದ್ಲಿಂದ ಹೇಳು" ಎಂದರು. ಆತ ಮೊದಲಿಂದ ಹೇಳಿದ. ಶ್ರುತಿ ಒಂದು ಕಡೆ, ದನಿ ಇನ್ನೊಂದು ಕಡೆ. ಮುಗಿದಾಗ ಶಿಳ್ಳೆ, ಚಪ್ಪಾಳೆ, ಭಾವಮೈದುನನಿಂದ ಹೂವಿನ ಹಾರ, 'ಒನ್ಸ್ ಮೋರ್' ಎಂಬ ಕೂಗು. ಅವನು ಇನ್ನೊಮ್ಮೆ ಹಾಡಿದ. ಎರಡನೆಯ ಸಲವೂ ಅಷ್ಟೇ ಕೆಟ್ಟದಾಗಿತ್ತು ಎಂಬುದನ್ನು ನಾವು ಪ್ರಾಮಾಣಿಕವಾಗಿ ಹೇಳಬೇಕು.

ಚೆನ್ನಾಗಿ ಬಾರದಿದ್ದರೂ ಮಾಡಬಹುದು ಎಂಬ ಈ ಅವಕಾಶ ಎಲ್ಲಿಂದ ಬಂತು? ಇದರ ಹಿಂದೆ ಒಂದು ಚರಿತ್ರೆ ಇದೆ.

ಈ ಕಲೆ ಹುಟ್ಟಿದ್ದು ಹಳ್ಳಿಯಲ್ಲಲ್ಲ. 1880ರ ಹೊತ್ತಿಗೆ ಮೈಸೂರಿಗೆ ಬಂದ ಪಾರ್ಸಿ ಮತ್ತು ಮರಾಠಿ ನಾಟಕ ಮಂಡಳಿಗಳನ್ನು ಕಂಡ ಅರಮನೆ, ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ ತನ್ನದೇ ನಾಟಕ ಸಭೆಯನ್ನು ಕಟ್ಟಿಸಿತು. ಬಸವಪ್ಪ ಶಾಸ್ತ್ರಿಗಳು ಅದಕ್ಕಾಗಿ ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದರು. ಅಲ್ಲಿ ನಟನಾಗಬೇಕಾದರೆ ಕಂಠ ಬೇಕು, ಸಂಗೀತ ಬೇಕು, ರೂಪ ಬೇಕು. ಅರಮನೆಯಿಂದ ನಾಟಕ ಪೇಟೆಗೆ ಬಂತು. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿತು. ಮೈಸೂರಿನಲ್ಲಿ ಎ.ವಿ. ವರದಾಚಾರ್ಯರ ಹಾಡು ಕೇಳಲು ಜನ ಗಾಡಿ ಕಟ್ಟಿಕೊಂಡು ಬಂದರು. 1930ರ ದಶಕದಲ್ಲಿ ಮಹಮ್ಮದ್ ಪೀರ್ ಅವರು ಚಂದ್ರಕಲಾ ಹೆಸರಿನ ಮಂಡಳಿ ಕಟ್ಟಿ 'ಷಹಜಹಾನ್', 'ಗೌತಮ ಬುದ್ಧ' ನಾಟಕಗಳಿಂದ ಮನೆಮಾತಾದರು. ಮುಸ್ಲಿಂ ನಟನೊಬ್ಬ ಬುದ್ಧನಾಗಿ ನಿಂತಾಗ ಮೈಸೂರಿನ ಪ್ರೇಕ್ಷಕರು ನೋಡಿದ್ದು ಬುದ್ಧನನ್ನು. ಪೀರ್ ಸಾಹೇಬರು 1937ರಲ್ಲಿ ತೀರಿಕೊಂಡರು. ಕಂಪನಿಯ ಕಾಲದ ಹಿರಿಯರ ನೆನಪುಗಳಲ್ಲಿ ಅವರ ಹೆಸರು ಉಳಿಯಿತು.

ಅಷ್ಟರಲ್ಲಿ ಸಿನಿಮಾ ಮಾತಾಡಲು ಕಲಿತಿತ್ತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬಂದದ್ದು 1934ರಲ್ಲಿ. ಮುಂದಿನ ದಶಕಗಳಲ್ಲಿ ಕಂಪನಿಗಳು ಒಂದೊಂದಾಗಿ ಡೇರೆ ಬಿಚ್ಚಿದವು. ಡೇರೆ ಬಿಚ್ಚಿದಾಗ ಹಾರ್ಮೋನಿಯಂ ನುಡಿಸುವವರು ಎಲ್ಲಿಗೆ ಹೋಗಬೇಕು? ಅನೇಕರು ಹಳ್ಳಿಯ ದಾರಿ ಹಿಡಿದರು. ತಾವು ಕಂಪನಿಯಲ್ಲಿ ಕಲಿತ ಮಟ್ಟುಗಳನ್ನು ಉಳುವವರಿಗೆ, ಕುರಿ ಕಾಯುವವರಿಗೆ ಹೇಳಿಕೊಟ್ಟರು. ಅರಮನೆಯಲ್ಲಿ ಪಂಡಿತರಿಗೆ, ಪೇಟೆಯಲ್ಲಿ ಪ್ರತಿಭಾವಂತರಿಗೆ ಮೀಸಲಾಗಿದ್ದ ವಿದ್ಯೆ ಹಳ್ಳಿಗೆ ಬಂದಾಗ ಅದರ ನಿಯಮ ಬದಲಾಯಿತು. 'ನಿನಗೆ ಬರುತ್ತದೆಯೇ?' ಎಂದು ಕೇಳುತ್ತಿದ್ದ ಜಾಗದಲ್ಲಿ 'ನಿನಗೆ ಆಸೆ ಇದೆಯೇ?' ಎಂದು ಕೇಳಲಾಯಿತು. ಮೈಸೂರಿನ ರಂಗಾಚಾರ್ಲು ಪುರಭವನವನ್ನು ಬಾಡಿಗೆ ಹಿಡಿದು, ಲಾರಿಯಲ್ಲಿ ಊರಿನವರನ್ನೆಲ್ಲ ಕರೆತಂದು, ಪೇಟೆಯ ವೇದಿಕೆಯ ಮೇಲೂ ಈ ತಂಡಗಳು ಆಡಿವೆ.

ನಮ್ಮ ರಂಗಭೂಮಿಯ ಚರಿತ್ರೆ ಪುಸ್ತಕಗಳಲ್ಲಿ 'ಹವ್ಯಾಸಿ' ಎಂಬ ಅಧ್ಯಾಯ ತೆರೆದರೆ ಈ ಜನ ಅಲ್ಲಿ ಹೆಚ್ಚಾಗಿ ಇರುವುದಿಲ್ಲ. ಅಲ್ಲಿರುವುದು ಬೆಂಗಳೂರಿನಲ್ಲಿ 1909ರಲ್ಲಿ ಆರಂಭವಾದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್, ವಕೀಲರು, ಅಧ್ಯಾಪಕರು, ಕೈಲಾಸಂ. ಕಂಪನಿ ನಾಟಕಕ್ಕಿಂತ ಉತ್ತಮವಾದುದನ್ನು ಮಾಡಬೇಕೆಂದು ಹೊರಟವರು ಅವರು. ಅವರ ಸಾಧನೆಯನ್ನು ನಾವು ಕಡೆಗಣಿಸುತ್ತಿಲ್ಲ. ಆದರೆ ಉತ್ತಮವಾದುದನ್ನು ಮಾಡುವ ಯಾವ ಉದ್ದೇಶವೂ ಇಲ್ಲದೆ, ಬರೀ ಆಸೆಗೆ ದುಡ್ಡು ಕಟ್ಟಿ ಬಣ್ಣ ಹಚ್ಚಿದವನೇ ನಿಜವಾದ ಹವ್ಯಾಸಿಯಲ್ಲವೇ? ಅವನ ಹೆಸರು ಭಿತ್ತಿಪತ್ರದ ಮೇಲಷ್ಟೇ ಉಳಿಯಿತು, ಅದನ್ನೂ ಮಳೆ ತೊಳೆಯಿತು.

ಇಲ್ಲಿಯವರೆಗೆ ನಾವು 'ಅವನು' ಎಂದೇ ಬರೆದಿದ್ದೇವೆ. ಅದು ಕೈತಪ್ಪಿನಿಂದ ಆದದ್ದಲ್ಲ. ಅದೇ ಭಿತ್ತಿಪತ್ರದ ಕೊನೆಯಲ್ಲಿ 'ಸ್ತ್ರೀ ಪಾತ್ರಗಳು' ಎಂಬ ಬೇರೆ ಸಾಲಿರುತ್ತದೆ. ದ್ರೌಪದಿ, ಕುಂತಿ, ರುಕ್ಮಿಣಿ, ಉತ್ತರೆ. ಹೆಸರುಗಳ ಮುಂದೆ ಮೈಸೂರು, ಮಂಡ್ಯ ಎಂದು ಬೇರೆ ಊರುಗಳ ಹೆಸರು. ಇವರು ವೃತ್ತಿಯ ನಟಿಯರು. ಇಡೀ ರಂಗದ ಮೇಲೆ ದುಡ್ಡು ಕೊಟ್ಟು ಬಂದವರು ಗಂಡಸರು, ದುಡ್ಡಿಗಾಗಿ ಬಂದವರು ಇವರು. ಹಿಂದೆ ಗಂಡಸರೇ ಸೀರೆ ಉಟ್ಟು ಆಡುತ್ತಿದ್ದರು, ಈಗ ಹೆಂಗಸರು ಬಂದಿದ್ದಾರೆ. ಆದರೆ ಊರಿನ ಹೆಂಗಸರಲ್ಲ. ಊರಿನ ಹೆಂಗಸರು ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡು, ಕಂಬಳಿ ಹೊದ್ದು ಕೆಳಗೆ ಕುಳಿತಿರುತ್ತಾರೆ. ಆ ಸಾಲುಗಳಲ್ಲಿ ಎಷ್ಟೋ ಜನರಿಗೆ ಸೋಬಾನೆ ಪದ ಬರುತ್ತದೆ, ಒಳ್ಳೆಯ ಕಂಠವೂ ಇದೆ.

ಹೆಣ್ಣಿನ ಆಸೆಗೂ ಜನರ ತೀರ್ಪಿಗೂ ನಡುವೆ ಏನು ನಡೆಯುತ್ತದೆ ಎಂಬುದಕ್ಕೆ ನರಸೀಪುರದ ನೆರೆಯ ನಂಜನಗೂಡಿನಲ್ಲೇ ಒಂದು ನಿದರ್ಶನವಿದೆ. 1887ರಲ್ಲಿ ಅಲ್ಲಿನ ವಕೀಲರೊಬ್ಬರ ಮನೆಯಲ್ಲಿ ತಿರುಮಲಾಂಬ ಹುಟ್ಟಿದರು. ಹತ್ತನೆಯ ವಯಸ್ಸಿಗೆ ಮದುವೆ. ಹದಿನಾಲ್ಕಕ್ಕೆ ಗಂಡ ಪ್ಲೇಗಿನಲ್ಲಿ ತೀರಿಕೊಂಡರು. ಅಂದಿನ ಬ್ರಾಹ್ಮಣ ಮನೆಯಲ್ಲಿ ಬಾಲವಿಧವೆಯ ಮುಂದೆ ಉಳಿಯುವುದು ಅಡುಗೆಮನೆ, ವ್ರತ, ಉದ್ದನೆಯ ಹಗಲುಗಳು. ತಂದೆ ಮಗಳ ಕೈಗೆ ಪುಸ್ತಕ ಕೊಟ್ಟರು. ಓದುತ್ತಾ ಓದುತ್ತಾ ಆಕೆ ಬರೆಯತೊಡಗಿದರು. ಆಕೆಯಿಂದ ಯಾರೂ ಏನನ್ನೂ ನಿರೀಕ್ಷಿಸಿರಲಿಲ್ಲ. ಕನ್ನಡದಲ್ಲಿ ಹೀಗೆ ಕಾದಂಬರಿ ಬರೆದು ತೋರಿಸಿದ ಹೆಂಗಸರೂ ತೀರ ವಿರಳ. ಆ ಕಾಲದ ಆಕೆಯ ಬರವಣಿಗೆಯನ್ನು ಹವ್ಯಾಸ ಎಂದರೆ ಕಡಿಮೆಯಾದೀತು, ಆದರೆ ಸಾಹಿತಿಯಾಗುವ ಹಂಬಲ ಎಂದರೂ ತಪ್ಪಾದೀತು. ಬದುಕನ್ನು ಸಹಿಸುವ ಒಂದು ದಾರಿ ಅದು.

ಆ ದಾರಿ ಎಲ್ಲಿಗೆ ಮುಟ್ಟಿತು ನೋಡಿ. 1910ರ ದಶಕದಲ್ಲಿ ನಂಜನಗೂಡಿನಿಂದ 'ಸತೀಹಿತೈಷಿಣೀ' ಗ್ರಂಥಮಾಲೆ ಹೊರಟಿತು. 'ಸುಶೀಲೆ', 'ನಭಾ' ಮುಂತಾದ ಕಾದಂಬರಿಗಳು ಬಂದವು. 'ಸುಶೀಲೆ' ಮತ್ತೆ ಮತ್ತೆ ಅಚ್ಚಾಯಿತು. 'ಕರ್ನಾಟಕ ನಂದಿನಿ' ಎಂಬ ಪತ್ರಿಕೆಯನ್ನು ಸಂಪಾದಿಸಿದರು. ಬರೆದವರು ಅವರೇ, ಕರಡು ತಿದ್ದಿದವರು ಅವರೇ, ಪ್ರಕಟಿಸಿದವರು ಅವರೇ. ಮನೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಬೇರೆ. ಹೊಸಗನ್ನಡದ ಮೊದಲ ಪತ್ರಕರ್ತೆ, ಮೊದಲ ಪ್ರಕಾಶಕಿ ಎಂದು ಇಂದು ಅವರನ್ನು ಕರೆಯುತ್ತೇವೆ.

ಆ ಕಾದಂಬರಿಗಳನ್ನು ಇಂದು ಓದಿದರೆ ಉಪದೇಶ ಹೆಚ್ಚಾಯಿತು ಎನಿಸುವುದು ನಿಜ. ಪತಿಭಕ್ತಿಯ ಬೋಧನೆ ನಮಗೆ ಮುಜುಗರ ತರುತ್ತದೆ. ಸಾಹಿತ್ಯದ ಹೊಸ ಅಳತೆಗೋಲು ಹಿಡಿದು ಬಂದ ನವೋದಯದವರಿಗೂ ಹಾಗೆಯೇ ಅನಿಸಿರಬೇಕು. ಮಾಸ್ತಿಯವರಂಥ ಹಿರಿಯರಿಂದ ಕಟುವಾದ ವಿಮರ್ಶೆ ಬಂತು, ಆ ಬಳಿಕ ತಿರುಮಲಾಂಬ ಲೇಖನಿ ಕೆಳಗಿಟ್ಟರು ಎಂದು ಆಕೆಯ ಬದುಕನ್ನು ಹುಡುಕಿ ಬರೆದವರು ಹೇಳುತ್ತಾರೆ. ಮಾಸ್ತಿಯವರ ಸದುದ್ದೇಶವನ್ನು ನಾವು ಶಂಕಿಸುವುದಿಲ್ಲ. ಪ್ರಕಟವಾದ ಪುಸ್ತಕವನ್ನು ವಿಮರ್ಶಿಸುವ ಹಕ್ಕು ಯಾರಿಗೂ ಇದೆ. ಆದರೆ ಅದೇ ಕಾಲದ ಎಷ್ಟೋ ಗಂಡಸರು ಅಷ್ಟೇ ಕಳಪೆಯಾಗಿ, ಇನ್ನೂ ಕಳಪೆಯಾಗಿ ಬರೆದರು, ಬೈಸಿಕೊಂಡರು, ಮರುದಿನ ಮತ್ತೆ ಬರೆದರು. ಅವರಿಗೆ ಕಾಫಿ ಕ್ಲಬ್ಬಿನ ಗೆಳೆಯರಿದ್ದರು, ಸಭೆಗಳಿದ್ದವು, 'ಪರ್ವಾಗಿಲ್ಲ ಕನಪ್ಪ' ಎನ್ನುವ ಅಜ್ಜ ಎಲ್ಲೋ ಒಂದು ಸಾಲಿನಲ್ಲಿದ್ದ. ತಿರುಮಲಾಂಬರ ಎದುರು ಆ ಸಾಲು ಖಾಲಿಯಿತ್ತು.

ಆಮೇಲಿನದು ದಶಕಗಟ್ಟಲೆ ಮೌನ. ಮದರಾಸಿನಲ್ಲಿ ಬಂಧುಗಳೊಂದಿಗೆ ಬದುಕಿದ ಅವರನ್ನು ಕನ್ನಡ ಲೋಕ ಬಹುಮಟ್ಟಿಗೆ ಮರೆತಿತ್ತು. ಸಿ.ಎನ್. ಮಂಗಳಾ, ವಿಜಯಾ ದಬ್ಬೆ ಅವರಂಥ ಲೇಖಕಿಯರು ಮತ್ತೆ ನೆನಪಿಸಬೇಕಾಯಿತು. ದಬ್ಬೆಯವರು ಸಂಪಾದಿಸಿದ 'ಹಿತೈಷಿಣಿಯ ಹೆಜ್ಜೆಗಳು' ಆ ನೆನಪಿನ ಕೆಲಸಕ್ಕೆ ಸೇರಿದ್ದು. 1982ರಲ್ಲಿ ತೀರಿಕೊಂಡಾಗ ತಿರುಮಲಾಂಬರಿಗೆ ತೊಂಬತ್ತೈದು ವರ್ಷ.

ನಮ್ಮ ಮನೆಗಳ ವಿಷಯಕ್ಕೆ ಬಂದರೆ, ಮುಸ್ಲಿಂ ಮನೆಗಳನ್ನೂ ಸೇರಿಸಿಯೇ ಹೇಳುತ್ತಿದ್ದೇವೆ, ಮಗಳು ಚಿತ್ರ ಬರೆದರೆ ಸ್ಪರ್ಧೆಗೆ ಕಳಿಸುತ್ತೇವೆ. ಬಹುಮಾನ ಬಂದರೆ ಮುಂದುವರಿಸುತ್ತೇವೆ, ಬಾರದಿದ್ದರೆ 'ಓದಿನ ಕಡೆ ಗಮನ ಕೊಡಮ್ಮ' ಎನ್ನುತ್ತೇವೆ. ಕಸೂತಿ ಹಾಕಿದರೆ ಅದು ಮದುವೆಗೆ ಉಪಯೋಗವಾಗಬೇಕು, ಹಾಡಿದರೆ ನೆಂಟರ ಮುಂದೆ ಹಾಡುವಂತಿರಬೇಕು. ಮಗ ಸಂಜೆ ಮೈದಾನದಲ್ಲಿ ಸೊನ್ನೆಗೆ ಔಟಾಗಿ ಬಂದರೆ ಯಾರೂ ಲೆಕ್ಕ ಕೇಳುವುದಿಲ್ಲ.

ನರಸೀಪುರದ ಬಳಿಯ ಆ ನಾಟಕಕ್ಕೆ ಮರಳಿದರೆ, ಪದ್ಯ ಮರೆತ ದುರ್ಯೋಧನನಿಗೆ ನಿಜವಾಗಿ ಸಹಾಯವಾದದ್ದು ಅಜ್ಜನ ಮಾತಿನಿಂದ ಮಾತ್ರವಲ್ಲ. ಭಾನುಮತಿಯ ವೇಷದಲ್ಲಿದ್ದ ನಟಿ ಸೆರಗು ಸರಿಪಡಿಸುವ ನೆಪದಲ್ಲಿ ಪಕ್ಕಕ್ಕೆ ಬಂದು ಪದ್ಯದ ಮೊದಲ ನುಡಿಯನ್ನು ಮೆಲ್ಲಗೆ ಹೇಳಿಕೊಟ್ಟರು. ಊರೂರಿಗೆ ಬೇರೆ ಬೇರೆ ದುರ್ಯೋಧನರ ಎದುರು ಆಡುವ ಅವರಿಗೆ ತಮ್ಮ ಮಾತಷ್ಟೇ ಅಲ್ಲ, ಎಲ್ಲರ ಮಾತೂ ಬಾಯಿಪಾಠವಿರುತ್ತದೆ. ಅವರು ಮರೆತರೆ ಮುಂದಿನ ಊರಿನಿಂದ ಕರೆ ಬರುವುದಿಲ್ಲ. ಬೆಳಗಿನ ಜಾವ ಮಂಗಳ ಹಾಡಿ ಪರದೆ ಇಳಿಸಿದಾಗ ದುರ್ಯೋಧನ ಬಣ್ಣ ಒರೆಸದೆಯೇ ಊರ ತುಂಬ ಓಡಾಡಿ ಎಲ್ಲರ ಕೈ ಕುಲುಕಿದ. ಭಾನುಮತಿ ಆಗಲೇ ಮುಖ ತೊಳೆದು, ಚೀಲ ಹೆಗಲಿಗೆ ಹಾಕಿ, ಮೈಸೂರಿನ ಮೊದಲ ಬಸ್ಸಿಗೆ ಕಾಯುತ್ತಾ ನಿಂತಿದ್ದರು.